ಮಸಾಲೆ ಡಬ್ಬಿಯ ಪಕ್ಕದಲ್ಲಿ ಇಂಗ್ಲಿಷ್ ಪದಗಳ ಡಬ್ಬಿ



ನಿಮ್ಮ ಮನೆಯಲ್ಲಿ ಬಿ.ಇ. ಅಥವಾ ಬಿ.ಎಸ್‌ಸಿ. ಮುಗಿಸುತ್ತಿರುವ ಮಗಳೋ ಮಗನೋ ಇದ್ದರೆ ‘ಜಿ.ಆರ್.ಇ.’ ಎಂಬ ಮೂರಕ್ಷರ ಇಷ್ಟರಲ್ಲೇ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್., ಪಿಎಚ್.ಡಿ. ಓದಬೇಕೆನ್ನುವವರು ಬರೆಯುವ ಪರೀಕ್ಷೆ ಇದು. ಇದರ ಲೆಕ್ಕದ ಭಾಗಕ್ಕೆ ನಮ್ಮ ಮಕ್ಕಳು ಅಷ್ಟಾಗಿ ಹೆದರುವುದಿಲ್ಲ. ಹೆದರಿಕೆಯೆಲ್ಲ ಇಂಗ್ಲಿಷ್ ಭಾಗಕ್ಕೆ. ಅದರಲ್ಲೂ ಆ ಪದಗಳು! ಓದಿದರೆ ಹಲ್ಲಿಗೆ ಸಿಕ್ಕದ, ಕೇಳಿದರೆ ಕಿವಿಗೆ ಹತ್ತದ ಪದಗಳು.

‘ನಾವು ಎಸ್.ಎಸ್.ಎಲ್.ಸಿ. ಓದಿದವರು, ಇದರಲ್ಲಿ ನಮ್ಮದೇನಿದೆ? ಹಾಲು ಕಾಯಿಸಿ ಕೊಟ್ಟರೆ ಆಯಿತು’ ಅಂತ ಸುಮ್ಮನಾಗಬೇಡಿ. ನಾನೂ ಎಸ್.ಎಸ್.ಎಲ್.ಸಿ. ಓದಿದವಳೇ. ಏಳು ತಿಂಗಳು ಮಗಳ ಜೊತೆ ಈ ಪದಗಳ ಹಿಂದೆ ಬಿದ್ದು ಕಂಡುಕೊಂಡದ್ದನ್ನು ನಿಮಗೆ ಹೇಳೋಣ ಅಂತಲೇ ಈ ಲೇಖನ ಬರೆಯುತ್ತಿದ್ದೇನೆ. ಒಗ್ಗರಣೆ ಹಾಕುತ್ತಾ ಮಾಡಬಹುದಾದ ಸಹಾಯ ಇದರಲ್ಲಿ ಎಷ್ಟೋ ಇದೆ.

ಮೊದಲು ಪರೀಕ್ಷೆಯ ರೀತಿ ತಿಳಿದುಕೊಳ್ಳಿ. ಇದು ಶುರುವಾದದ್ದು 1936ರ ಸುಮಾರಿಗೆ. ಈಗ ನಡೆಸುತ್ತಿರುವುದು ಇ.ಟಿ.ಎಸ್. ಎಂಬ ಸಂಸ್ಥೆ. 2023ರ ಸೆಪ್ಟೆಂಬರಿನವರೆಗೆ ಮೂರೂಮುಕ್ಕಾಲು ಗಂಟೆಯ ಪರೀಕ್ಷೆಯಾಗಿತ್ತು, ಆಮೇಲೆ ಎರಡು ಗಂಟೆಗೆ ಎರಡು ನಿಮಿಷ ಕಡಿಮೆ ಮಾಡಿದ್ದಾರೆ. ಅರ್ಧ ಗಂಟೆಯ ಒಂದು ಪ್ರಬಂಧ. ಇಂಗ್ಲಿಷಿನ ಭಾಗದಲ್ಲಿ 27 ಪ್ರಶ್ನೆ, 41 ನಿಮಿಷ. ಲೆಕ್ಕದಲ್ಲೂ 27 ಪ್ರಶ್ನೆ, 47 ನಿಮಿಷ. ಇಂಗ್ಲಿಷಿಗೂ ಲೆಕ್ಕಕ್ಕೂ ಬೇರೆ ಬೇರೆ ಅಂಕ. ಅದು ಸೊನ್ನೆಯಿಂದ ಶುರುವಾಗುವುದಿಲ್ಲ, 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಇದನ್ನು ಮಕ್ಕಳಿಗೆ ಹತ್ತು ಸಲ ಹೇಳಿ.

ಶುಲ್ಕ? ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ಬರೆದದ್ದು ಸರಿಹೋಗದೆ ಮತ್ತೆ ಬರೆದರೆ ಮತ್ತೆ ಅಷ್ಟೇ ಹಣ. ನಮ್ಮಂಥ ಮನೆಗಳಿಗೆ ಇದು ಸಣ್ಣ ಮಾತಲ್ಲ. ಅದಕ್ಕೇ ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಿಸಿ. 2020ರ ಕೊರೊನಾ ಕಾಲದಿಂದ ಈಚೆಗೆ ಎಷ್ಟೋ ವಿಶ್ವವಿದ್ಯಾಲಯಗಳು ಈ ಪರೀಕ್ಷೆ ಕಡ್ಡಾಯವಲ್ಲ ಎಂದಿವೆ. ಒಂದೇ ವಿಶ್ವವಿದ್ಯಾಲಯದಲ್ಲೂ ಒಂದು ವಿಭಾಗ ಬೇಕು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ. ಮಗಳು ಎಲ್ಲೆಲ್ಲಿಗೆ ಅರ್ಜಿ ಹಾಕುತ್ತಾಳೋ ಅಲ್ಲಿ ಬೇಕೇ ಬೇಕೇ ಎಂದು ನೋಡಿಕೊಂಡು ಆಮೇಲೆ ಮುಂದುವರಿಯಲಿ. ‘ಎಲ್ಲರೂ ಬರೀತಾರೆ’ ಅನ್ನುವುದು ಕಾರಣವಲ್ಲ.

ನಮ್ಮ ಊರಿನ ಸ್ಥಿತಿ ಗೊತ್ತಿಲ್ಲದವರಿಗೆ ಎರಡು ಮಾತು. ನಾವಿರುವುದು ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ಶುರುಮಾಡಿದ ಗಣಿಗಾರಿಕೆ 2001ರ ಫೆಬ್ರುವರಿ 28ಕ್ಕೆ ನಿಂತುಹೋಯಿತು. ನಮ್ಮ ಮಾವನವರು ಇಲ್ಲೇ ನಂದಿದುರ್ಗ ಗಣಿಯಲ್ಲಿ ಇದ್ದವರು. ಗಣಿ ಮುಚ್ಚಿದ ಮೇಲೆ ಊರು ಬದುಕಿದ್ದು ರೈಲಿನಿಂದ. ಮಾರಿಕುಪ್ಪಂನಲ್ಲಿ ಹೊರಡುವ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬಂದು ಬೆಂಗಳೂರಿಗೆ ಹೋಗುತ್ತದೆ. ನಮ್ಮ ಯಜಮಾನರೂ ಅದರಲ್ಲೇ, ಬೆಳಗಿನ ಜಾವ ಹೋಗಿ ರಾತ್ರಿ ಬರುತ್ತಾರೆ. ಇಂಥ ಊರಿನ, ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಅಮೆರಿಕದ ಪರೀಕ್ಷೆ ಬರೆಯುತ್ತಾಳೆ ಅಂದಾಗ ಜನ ಏನಂದರು ಅಂತ ಬೇರೆ ಹೇಳಬೇಕೆ? ಬೆಂಗಳೂರಿನ ಒಂದು ಕೋಚಿಂಗ್ ಸಂಸ್ಥೆಗೆ ಹೋಗಿ ವಿಚಾರಿಸಿದೆವು. ಅಲ್ಲಿದ್ದ ಹುಡುಗ, ‘ಕನ್ನಡ ಮೀಡಿಯಂ ಬ್ಯಾಕ್‌ಗ್ರೌಂಡಾ? ವೊಕ್ಯಾಬುಲರಿ ಕಷ್ಟ ಆಗುತ್ತೆ ಮೇಡಂ, ದೊಡ್ಡ ಪ್ಯಾಕೇಜ್ ತಗೊಳ್ಳಿ’ ಅಂದ. ದೊಡ್ಡ ಪ್ಯಾಕೇಜಿಗೆ ಕೇಳಿದ ದುಡ್ಡಿನಲ್ಲಿ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸಬಹುದಿತ್ತು. ಹೊರಗೆ ಬಂದು ಅವೆನ್ಯೂ ರಸ್ತೆಗೆ ಹೋಗಿ, ಹಳೆಯ ಪುಸ್ತಕದ ಅಂಗಡಿಯಲ್ಲಿ ಬ್ಯಾರನ್ಸ್ ಪುಸ್ತಕವನ್ನೂ ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’ಯನ್ನೂ ಕೊಂಡು ರೈಲು ಹತ್ತಿದೆವು. ಎರಡನೆಯದು 1949ರಷ್ಟು ಹಳೆಯ ಪುಸ್ತಕ, ಇಂದಿಗೂ ಫುಟ್‌ಪಾತಿನಲ್ಲಿ ಸಿಗುತ್ತದೆ.

ಉರು ಹೊಡೆದರೆ ಬರುವುದಿಲ್ಲ

ಬ್ಯಾರನ್ಸ್‌ನ ಹಳೆಯ ಪುಸ್ತಕಗಳಲ್ಲಿ ಮೂರೂವರೆ ಸಾವಿರ ಪದಗಳ ಪಟ್ಟಿ ಇರುತ್ತದೆ. ಅದನ್ನು ಎ ಯಿಂದ ಶುರುಮಾಡಿ ಉರು ಹೊಡೆದವರು ಸಾಮಾನ್ಯವಾಗಿ ಬಿ ದಾಟುವುದಿಲ್ಲ. ಆ ಪಟ್ಟಿ ಹಳೆಯ ಪರೀಕ್ಷೆಯ ಕಾಲದ್ದು ಎಂಬುದನ್ನೂ ತಿಳಿದಿರಿ. ಆಗ ಒಂದು ಪದ ಕೊಟ್ಟು ಅದರ ವಿರುದ್ಧಾರ್ಥ ಕೇಳುತ್ತಿದ್ದರು. 2011ರಲ್ಲಿ ಆ ಪ್ರಶ್ನೆಗಳನ್ನು ತೆಗೆದುಬಿಟ್ಟರು. ಈಗ ಪದ ಬರುವುದು ವಾಕ್ಯದ ಒಳಗೆ, ಬಿಟ್ಟಸ್ಥಳ ತುಂಬುವುದರಲ್ಲಿ. ಪ್ರಶ್ನೆಗಳಲ್ಲಿ ಸುಮಾರು ಅರ್ಧ ಗದ್ಯಭಾಗ ಓದಿ ಉತ್ತರಿಸುವಂಥವು. ಹಾಗಾಗಿ ಸಾವಿರ ಪದ ಗಟ್ಟಿಯಾಗಿ ಬಂದರೆ ಸಾಕು, ಉಳಿದ ಹೊತ್ತು ಓದಿಗೆ ಕೊಡಲಿ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ದಿನಕ್ಕೊಂದು ಗಟ್ಟಿಯಾಗಿ ಓದಿಸಿ. ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಓದಿದ ಮೇಲೆ ‘ಏನಂತೆ?’ ಅಂತ ಕೇಳಿ. ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳಲು ಬಂದರೆ ಅವಳಿಗೆ ಅರ್ಥವಾಗಿದೆ ಅಂತ ಲೆಕ್ಕ. ತಡವರಿಸಿದರೆ ಇನ್ನೊಂದು ಸಲ ಓದಲಿ.

ಪದಗಳು ಯಾಕೆ ಮರೆಯುತ್ತವೆ? ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದರು. ಒಂದು ದಿನ ಕಳೆಯುವುದರೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿಬಿಡುತ್ತಿತ್ತಂತೆ! ಆದರೆ ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ನೋಡಿದರೆ, ಮುಂದಿನ ಸಲ ಮರೆಯುವುದು ತಡವಾಗುತ್ತದೆ. ಹೆಪ್ಪು ಹಾಕಿದ ಹಾಗೆ ಅನ್ನಿ, ಪದೇ ಪದೇ ಕಲಕಿದರೆ ಮೊಸರಾಗುವುದಿಲ್ಲ, ಮರೆತು ಬಿಟ್ಟರೆ ಹುಳಿಯಾಗುತ್ತದೆ.

ಈ ಲೆಕ್ಕವನ್ನೇ ಹಿಡಿದು 1970ರ ದಶಕದಲ್ಲಿ ಲೈಟ್ನರ್ ಎಂಬ ಇನ್ನೊಬ್ಬ ಜರ್ಮನರು ಐದು ಖಾನೆಯ ಪೆಟ್ಟಿಗೆಯ ಉಪಾಯ ಹೇಳಿದರು. ಅದನ್ನು ಮಗಳು ಓದಿ ಹೇಳಿದಾಗ ನನಗೆ ನೆನಪಾದದ್ದು ಮಸಾಲೆ ಡಬ್ಬಿ!

ಮನೆಯಲ್ಲಿ ಮದುವೆಯ ಆಮಂತ್ರಣ ಪತ್ರಿಕೆಗಳು ರಾಶಿ ಬಿದ್ದಿರುತ್ತವಲ್ಲ, ಅವುಗಳ ಖಾಲಿ ಭಾಗವನ್ನು ಇಸ್ಪೀಟ್ ಎಲೆಯಷ್ಟು ಕತ್ತರಿಸಿ. ದೇವರ ಚಿತ್ರ ಇರುವುದನ್ನು ಕತ್ತರಿಸಬೇಡಿ. ಒಂದು ಮಗ್ಗುಲಲ್ಲಿ ಇಂಗ್ಲಿಷ್ ಪದ, ಇನ್ನೊಂದು ಮಗ್ಗುಲಲ್ಲಿ ಕನ್ನಡದ ಅರ್ಥ, ಅದರ ಕೆಳಗೆ ಪದವಿರುವ ಒಂದು ಇಂಗ್ಲಿಷ್ ವಾಕ್ಯ. ಹಳೆಯ ಐದು ಡಬ್ಬಿ ತೆಗೆದುಕೊಂಡು ಸಾಲಾಗಿ ಇಡಿ. ಹೊಸ ಪದಗಳೆಲ್ಲ ಮೊದಲನೆಯದಕ್ಕೆ. ಅದನ್ನು ದಿನವೂ ನೋಡಬೇಕು. ಅರ್ಥ ಹೇಳಿದರೆ ಆ ಚೀಟಿ ಎರಡನೆಯ ಡಬ್ಬಿಗೆ ಬಡ್ತಿ. ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಐದನೆಯದನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಬೇಕು. ಎಲ್ಲಿ ತಪ್ಪಿದರೂ ಚೀಟಿ ಮರಳಿ ಮೊದಲನೆಯ ಡಬ್ಬಿಗೆ! ದಾಕ್ಷಿಣ್ಯ ಕೂಡದು. ನನ್ನ ಮಗಳು, ‘ಅಮ್ಮಾ, ನಾಲಿಗೆ ತುದಿಯಲ್ಲಿತ್ತು’ ಅಂದರೂ ನಾನು ಬಿಡುತ್ತಿರಲಿಲ್ಲ. ದಿನಕ್ಕೆ ಹದಿನೈದು ಹೊಸ ಪದ, ಭಾನುವಾರ ರಜಾ. ಮೂರು ತಿಂಗಳಿಗೆ ಸಾವಿರ ದಾಟುತ್ತದೆ, ಲೆಕ್ಕ ಹಾಕಿ ನೋಡಿ.

ಮೊಬೈಲಿನಲ್ಲಿಯೇ ಈ ತರಹ ಕೇಳುವ ಆ್ಯಪ್‌ಗಳು ಬೇಕಾದಷ್ಟಿವೆ, ಪುಕ್ಕಟೆಯೂ ಸಿಗುತ್ತವೆ. ಆದರೆ ಮೊಬೈಲು ಕೈಗೆ ಬಂದರೆ ಪದಗಳ ಜೊತೆ ಇನ್ನೂ ಏನೇನೋ ಬರುತ್ತದೆ, ಅದು ನಿಮಗೂ ಗೊತ್ತು. ಚೀಟಿ ನಿಮ್ಮ ಕೈಯಲ್ಲಿದ್ದರೆ ಕೇಳುವವರು ನೀವಾಗುತ್ತೀರಿ. ನೀವು ಇಂಗ್ಲಿಷ್ ಪದವನ್ನು ಹೇಗೆ ಉಚ್ಚರಿಸಿದರೂ ನಡೆಯುತ್ತದೆ, ಈ ಪರೀಕ್ಷೆಯಲ್ಲಿ ಉಚ್ಚಾರಕ್ಕೆ ಅಂಕವಿಲ್ಲ. ನನ್ನ ಉಚ್ಚಾರ ಕೇಳಿ ಮಗಳು ನಕ್ಕದ್ದೇ ಎಷ್ಟೋ ಪದ ಅವಳಿಗೆ ನೆನಪುಳಿಯಲು ಕಾರಣವಾಯಿತು.

ಕನ್ನಡದ ಅರ್ಥವನ್ನೇ ಬರೆಯಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಬರೆದರೆ ಆ ಅರ್ಥಕ್ಕೆ ಮತ್ತೊಂದು ಅರ್ಥ ಹುಡುಕಬೇಕು. ‘ಇನ್‌ಸಿಪಿಡ್’ ಅಂದರೆ ಸಪ್ಪೆ. ‘ಪಂಜೆಂಟ್’ ಅಂದರೆ ಘಾಟು. ‘ಆಸ್ಟ್ರಿಂಜೆಂಟ್’ ಅಂದರೆ ಒಗರು. ‘ರ‍್ಯಾನ್ಸಿಡ್’ ಅಂದರೆ ಕೊಬ್ಬರಿಯೋ ಎಣ್ಣೆಯೋ ಕಮಟು ಬಂದಿರುವುದು. ‘ವಿಸ್ಕಸ್’ ಅಂದರೆ ಎಳೆ ಬಂದ ಪಾಕ. ಅಡುಗೆಮನೆಯಲ್ಲಿ ನಮಗೆ ಗೊತ್ತಿಲ್ಲದ ರುಚಿ ಯಾವುದಿದೆ? ಅಲ್ಲಿಂದ ಮುಂದೆ ಇಂಗ್ಲಿಷಿನವರೂ ನಮ್ಮ ಹಾಗೆಯೇ ಇದನ್ನು ಮಾತಿಗೆ, ಮನುಷ್ಯರಿಗೆ ಹಚ್ಚುತ್ತಾರೆ. ಸಪ್ಪೆ ಭಾಷಣಕ್ಕೂ ‘ಇನ್‌ಸಿಪಿಡ್’ ಎನ್ನುತ್ತಾರೆ. ಕಟುವಾದ ಟೀಕೆಗೆ ‘ಆಸ್ಟ್ರಿಂಜೆಂಟ್’. ಪರೀಕ್ಷೆಯಲ್ಲಿ ಬರುವುದು ಹೆಚ್ಚಾಗಿ ಈ ಎರಡನೆಯ ಅರ್ಥವೇ.

ಬರಿಯ ಅರ್ಥ ಸಾಲದು, ಆ ಪದ ಹೊಗಳುತ್ತದೋ ತೆಗಳುತ್ತದೋ ಎಂಬುದೂ ತಿಳಿಯಬೇಕು. ‘ಫ್ರೂಗಲ್’ ಅಂದರೂ ‘ಪಾರ್ಸಿಮೋನಿಯಸ್’ ಅಂದರೂ ಖರ್ಚು ಕಡಿಮೆ ಮಾಡುವವರೇ. ಮೊದಲನೆಯವರು ಮಿತವ್ಯಯಿ, ಎರಡನೆಯವರು ಜಿಪುಣರು. ನಮ್ಮನ್ನು ಯಾರಾದರೂ ಎರಡನೆಯ ಮಾತಿನಿಂದ ಕರೆದರೆ ಸುಮ್ಮನಿರುತ್ತೇವೆಯೇ? ಚೀಟಿಯ ಮೂಲೆಯಲ್ಲಿ ಹೊಗಳಿಕೆಗೆ ಅರಿಶಿನದ ಬಣ್ಣದ ಚುಕ್ಕೆ, ತೆಗಳಿಕೆಗೆ ಕಪ್ಪು ಚುಕ್ಕೆ ಇಡಿಸಿ.

ಪರೀಕ್ಷೆಯಲ್ಲಿ ಒಂದು ತರಹದ ಪ್ರಶ್ನೆ ಇದೆ. ವಾಕ್ಯದಲ್ಲಿ ಒಂದು ಬಿಟ್ಟಸ್ಥಳ, ಕೆಳಗೆ ಆರು ಪದ. ಅದರಲ್ಲಿ ಎರಡನ್ನು ಆರಿಸಬೇಕು, ಯಾವುದನ್ನು ಹಾಕಿದರೂ ವಾಕ್ಯದ ಅರ್ಥ ಒಂದೇ ಆಗಬೇಕು. ಇದನ್ನು ಮಗಳು ನನಗೆ ವಿವರಿಸಿದಾಗ ತಲೆಬುಡ ತಿಳಿಯಲಿಲ್ಲ. ಆಮೇಲೆ ಕನ್ನಡದಲ್ಲೇ ಒಂದನ್ನು ಮಾಡಿಕೊಂಡೆವು. ನೀವೂ ಪ್ರಯತ್ನಿಸಿ: ‘ಹೊಸ ಸೊಸೆ ಎಷ್ಟು ______ ಎಂದರೆ ನೆಂಟರು ಬಂದು ಹೋಗುವವರೆಗೂ ಅವಳ ದನಿಯೇ ಕೇಳಲಿಲ್ಲ.’ ಕೊಟ್ಟ ಪದಗಳು: ಮೌನಿ, ವಾಚಾಳಿ, ಸೋಮಾರಿ, ಮಿತಭಾಷಿ, ಮಾತಿನಮಲ್ಲಿ, ಚೆಲುವೆ. ಮೌನಿ, ಮಿತಭಾಷಿ ಎಂದು ಥಟ್ಟನೆ ಹೇಳಿದಿರಿ ಅಲ್ಲವೇ? ಸರಿ. ಈಗ ವಾಕ್ಯವನ್ನು ಸ್ವಲ್ಪ ಬದಲಿಸೋಣ: ‘ಹೊಸ ಸೊಸೆ ______, ಆದರೂ ನೆಂಟರು ಬಂದು ಹೋಗುವವರೆಗೂ ಅವಳ ದನಿಯೇ ಕೇಳಲಿಲ್ಲ.’ ಈಗ ಉತ್ತರ ವಾಚಾಳಿ, ಮಾತಿನಮಲ್ಲಿ! ತಿರುಗಿಸಿದ್ದು ಯಾವುದು? ‘ಆದರೂ’ ಎಂಬ ಪುಟ್ಟ ಮಾತು. ಇಂಗ್ಲಿಷಿನಲ್ಲಿ ಅದಕ್ಕೆ ‘ಆಲ್‌ದೋ’, ‘ಡಿಸ್ಪೈಟ್’, ‘ಯೆಟ್’ ಎಂದೆಲ್ಲ ಇವೆ. ಬಿಟ್ಟಸ್ಥಳ ನೋಡುವ ಮುಂಚೆ ಆ ಮಾತುಗಳನ್ನು ಪೆನ್ಸಿಲಿನಿಂದ ಸುತ್ತಿಸುವ ಅಭ್ಯಾಸ ಮಾಡಿಸಿ. ‘ಗ್ಯಾರ್ಯುಲಸ್’ ಅಂದರೆ ವಾಚಾಳಿ, ‘ಟ್ಯಾಸಿಟರ್ನ್’ ಅಂದರೆ ಮಿತಭಾಷಿ ಎಂದು ಗೊತ್ತಿದ್ದರೂ ಆ ಪುಟ್ಟ ಮಾತು ಕಣ್ಣಿಗೆ ಬೀಳದೆ ಅಂಕ ಕಳೆದುಕೊಳ್ಳುವವರೇ ಹೆಚ್ಚು.

ಗೊತ್ತಿರುವ ಪದವೇ ಮೋಸ ಮಾಡುವುದೂ ಉಂಟು. ‘ಪೆಡೆಸ್ಟ್ರಿಯನ್’ ಅಂದರೆ ದಾರಿಯಲ್ಲಿ ನಡೆದು ಹೋಗುವವನು ಅಂತ ನಮಗೂ ಗೊತ್ತು, ಪೇಟೆಯ ಬೋರ್ಡಿನಲ್ಲಿ ನೋಡಿದ್ದೇವೆ. ಅಲ್ಲಿ ಅದಕ್ಕೆ ‘ತೀರ ಸಾಧಾರಣ, ಸಪ್ಪೆ’ ಎಂಬ ಅರ್ಥ. ‘ಸ್ಯಾಂಕ್ಷನ್’ ಅಂದರೆ ಸಾಲ ಮಂಜೂರಾಗುವುದು ಎಂದುಕೊಂಡಿದ್ದೇವೆ. ಅದೇ ಪದಕ್ಕೆ ದಂಡನೆ, ನಿರ್ಬಂಧ ಎಂಬ ತದ್ವಿರುದ್ಧ ಅರ್ಥವೂ ಇದೆ. ‘ಕ್ವಾಲಿಫೈ’ ಅಂದರೆ ಅರ್ಹತೆ ಪಡೆಯುವುದು ಮಾತ್ರವಲ್ಲ, ಆಡಿದ ಮಾತಿಗೆ ಒಂದು ಮಿತಿ ಹಾಕುವುದೂ ಹೌದು. ಇಂಥವನ್ನು ಬೇರೆ ಬಣ್ಣದ ಚೀಟಿಯಲ್ಲಿ ಬರೆಯಿಸಿ.

ಇನ್ನು ಪದಗಳ ಬೇರು. ನಾವು ಶಾಲೆಯಲ್ಲಿ ಉಪಸರ್ಗ ಕಲಿತದ್ದು ನೆನಪಿದೆಯೇ? ಸುಗುಣ, ದುರ್ಗುಣ. ಅನುಕೂಲ, ಪ್ರತಿಕೂಲ. ಇಂಗ್ಲಿಷಿನಲ್ಲೂ ಲ್ಯಾಟಿನ್ನಿಂದ ಬಂದ ಇಂಥವೇ ಇವೆ. ‘ಬೆನೆ’ ಅಂದರೆ ಸು, ‘ಮ್ಯಾಲ್’ ಅಂದರೆ ದುರ್. ‘ಬೆನೆವೊಲೆಂಟ್’ ಒಳ್ಳೆಯದನ್ನು ಬಯಸುವವನು, ‘ಮ್ಯಾಲೆವೊಲೆಂಟ್’ ಕೇಡು ಬಯಸುವವನು. ಇನ್ನೂ ಸೋಜಿಗವೆಂದರೆ, ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ದೂರದ ನೆಂಟಸ್ತಿಕೆ ಇರುವುದರಿಂದ ಕೆಲವು ಬೇರು ನಮ್ಮ ಕನ್ನಡದಲ್ಲೇ ಕಾಣಿಸುತ್ತವೆ. ನಾವು ‘ನವ’ ಅನ್ನುವುದು ಅಲ್ಲಿ ‘ನೋವಿಸ್’, ‘ಇನ್ನೋವೇಟ್’. ನಾವು ‘ಮೃತ’ ಅನ್ನುವುದು ಅಲ್ಲಿ ‘ಮಾರ್ಟಲ್’, ‘ಮಾರಿಬಂಡ್’. ‘ದಂತ’ ಅನ್ನುವುದು ‘ಡೆಂಟಲ್’. ಕನ್ನಡ ಮೀಡಿಯಂ ಹುಡುಗಿಗೆ ಏನೂ ಬರುವುದಿಲ್ಲ ಅಂದವರು ಇದನ್ನೂ ಸ್ವಲ್ಪ ಯೋಚಿಸಬೇಕು. ಕನ್ನಡ ಚೆನ್ನಾಗಿ ಬಂದವರಿಗೆ ಪದ ಹಿಡಿಯುವ ಬೆರಳು ಮೊದಲೇ ಪಳಗಿರುತ್ತದೆ.

ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿ ಒಂದು ಇರಲಿ. ಮೈಸೂರು ವಿಶ್ವವಿದ್ಯಾನಿಲಯದ್ದು 1940ರ ದಶಕದಿಂದ ಇದೆ. ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಎಂದು ಬರೆಯುತ್ತಿದ್ದುದನ್ನು ನಿಮ್ಮಲ್ಲಿ ಎಷ್ಟೋ ಜನ ಓದಿರುತ್ತೀರಿ. ಒಂದು ಪದ ಎಲ್ಲಿಂದ ಬಂತು, ಹೇಗೆ ಬದಲಾಯಿತು ಎಂದು ಅವರು ಹೇಳುತ್ತಿದ್ದ ಕ್ರಮ ಇಂಗ್ಲಿಷಿಗೂ ಸಲ್ಲುವಂಥದ್ದು. 2021ರಲ್ಲಿ ನೂರೇಳು ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ಪದಗಳ ಜೊತೆ ಇದ್ದವರಿಗೆ ಆಯಸ್ಸೂ ಹೆಚ್ಚೇನೋ!

ತಾತ ಹೇಳಿಕೊಟ್ಟ ಪದಗಳು

ಈಗ ಹೇಳುವುದು ನಮ್ಮ ಊರಿನವರಿಗೆ ಹೆಚ್ಚು ಹಿಡಿಸೀತು. ಒಂದು ಸಂಜೆ ಮಗಳು ಚೀಟಿ ಹಿಡಿದು ‘ಅಸ್ಸೇ’ ಎಂದು ಗಟ್ಟಿಯಾಗಿ ಓದಿದಳು. ಜಗಲಿಯಲ್ಲಿ ಕೂತಿದ್ದ ಮಾವನವರು ನಾಲ್ಕನೇ ಕ್ಲಾಸು ಓದಿದವರು, ಅಲ್ಲಿಂದಲೇ, ‘ಅಸ್ಸೇ ಅಂದ್ರೆ ಕಲ್ಲು ಪುಡಿ ಮಾಡಿ ಅದರಲ್ಲಿ ಚಿನ್ನ ಎಷ್ಟಿದೆ ಅಂತ ನೋಡೋದಮ್ಮ’ ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪುಸ್ತಕದಲ್ಲಿ ಬರೆದಿದ್ದ ಅರ್ಥ ‘ಪರೀಕ್ಷಿಸು, ಬೆಲೆಕಟ್ಟು’. ಅದರ ಮೂಲ ಇವರ ಬಾಯಲ್ಲಿತ್ತು!

ಆಮೇಲೆ ನಾವು ಪಟ್ಟಿಯಲ್ಲಿ ಗಣಿಯ ಪದಗಳನ್ನೇ ಹುಡುಕಲು ಶುರುಮಾಡಿದೆವು. ಎಷ್ಟು ಸಿಕ್ಕವು ಗೊತ್ತೇ? ‘ಅಮಾಲ್ಗಮೇಟ್’ ಅಂದರೆ ಬೆರೆತು ಒಂದಾಗುವುದು. ನಮ್ಮ ಗಣಿಯಲ್ಲಿ ಕಲ್ಲು ಕುಟ್ಟಿದ ಮೇಲೆ ಪಾದರಸಕ್ಕೆ ಚಿನ್ನವನ್ನು ಹಿಡಿಸುತ್ತಿದ್ದರಂತೆ, ಆ ಮುದ್ದೆಗೇ ‘ಅಮಾಲ್ಗಂ’ ಎಂದು ಹೆಸರು. ಉಳಿದ ಪುಡಿಯಿಂದ ಸೈನೈಡಿನ ನೀರಿನಲ್ಲಿ ಚಿನ್ನ ಎಳೆಯುತ್ತಿದ್ದರು. ಹಾಗೆ ಎಳೆದು ಬಿಸಾಡಿದ ಮಣ್ಣೇ ಇಂದು ನಮ್ಮೂರ ಸುತ್ತ ಬೆಟ್ಟಗಳಂತೆ ನಿಂತಿರುವ ಸೈನೈಡ್ ದಿಬ್ಬಗಳು, ಗಾಳಿ ಬಂದರೆ ಒಣಗಿಹಾಕಿದ ಬಟ್ಟೆಯ ಮೇಲೆಲ್ಲ ಅದೇ ಧೂಳು. ‘ಕ್ರೂಸಿಬಲ್’ ಅಂದರೆ ಅಕ್ಕಸಾಲಿಗರ ಮೂಸೆ. ಪರೀಕ್ಷೆಯಲ್ಲಿ ಕಠಿಣ ಪರೀಕ್ಷೆಯ ಸನ್ನಿವೇಶ ಎಂಬ ಅರ್ಥ. ‘ಡ್ರಾಸ್’ ಅಂದರೆ ಕಿಟ್ಟ, ಕೆಲಸಕ್ಕೆ ಬಾರದ್ದು. ‘ಅಲಾಯ್’ ಅಂದರೆ ಬೆರಕೆ ಲೋಹ, ಅದರಿಂದ ‘ಅನ್‌ಅಲಾಯ್ಡ್’ ಸಂತೋಷ ಅಂದರೆ ಬೆರಕೆಯಿಲ್ಲದ ಅಪ್ಪಟ ಸಂತೋಷ. ನಾವು ಅಪರಂಜಿ ಅನ್ನುತ್ತೇವಲ್ಲ ಹಾಗೆ. ‘ಟಚ್‌ಸ್ಟೋನ್’ ಅಂತೂ ನೇರವಾಗಿ ನಮ್ಮ ಒರೆಗಲ್ಲು. ಗುಣವನ್ನು ಒರೆಗೆ ಹಚ್ಚುವುದು ಎಂದು ನಾವು ಯಾವ ಅರ್ಥದಲ್ಲಿ ಹೇಳುತ್ತೇವೋ ಅವರೂ ಅದೇ ಅರ್ಥದಲ್ಲಿ ಹೇಳುತ್ತಾರೆ. ‘ಮೆಟಲ್’ ಎಂದು ಲೋಹಕ್ಕೆ ಹೇಳುತ್ತಾರೆ, ಕಾಗುಣಿತ ಬದಲಿಸಿ ಅದನ್ನೇ ಮನುಷ್ಯನ ಕೆಚ್ಚಿಗೂ ಹೇಳುತ್ತಾರೆ. ಎರಡೂ ಮೊದಲು ಒಂದೇ ಪದವಂತೆ. ‘ಟೆಂಪರ್’ ಅಂದರೆ ಹದ ಮಾಡು. ಉಕ್ಕನ್ನು ಹದ ಮಾಡುವುದಕ್ಕೂ ಅದೇ, ನಮ್ಮ ದೇಶದ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಒಗ್ಗರಣೆಗೂ ಅದೇ!

ಹೀಗೆ ಇಪ್ಪತ್ತು ಪದ ಒಂದೇ ಸಂಜೆಗೆ ಬಂದವು, ಒಂದೂ ಮೊದಲನೆಯ ಡಬ್ಬಿಗೆ ಮರಳಲಿಲ್ಲ. ಮಾವನವರಿಗೆ ಶಾಫ್ಟು, ಕೇಜು, ಶಿಫ್ಟು, ಟಿಂಬರು, ರಾಕ್‌ಬರ್ಸ್ಟು ಎಂದು ಎಷ್ಟೋ ಇಂಗ್ಲಿಷ್ ಪದ ಗೊತ್ತು. ಯಾರೂ ಅವರಿಗೆ ಪಟ್ಟಿ ಕೊಟ್ಟು ಕಲಿಸಲಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಗಣಿಗಳು ಇವು. ಅಲ್ಲಿ ಆ ಪದಗಳು ತಿಳಿಯದಿದ್ದರೆ ಜೀವಕ್ಕೇ ಅಪಾಯವಿತ್ತು. ನಿಮ್ಮದು ಚಿನ್ನದ ಊರಲ್ಲದಿರಬಹುದು. ಸಿಲ್ಕಿನ ಊರಾದರೆ ನೂಲು, ನೇಯ್ಗೆಯ ಪದಗಳನ್ನು ಹುಡುಕಿ. ಸಮುದ್ರದ ಕಡೆಯವರಾದರೆ ದೋಣಿ, ಲಂಗರಿನ ಪದಗಳನ್ನು ಹುಡುಕಿ. ಇಂಗ್ಲಿಷಿನವರೂ ಕೆಲಸ ಮಾಡಿಯೇ ಭಾಷೆ ಕಟ್ಟಿದವರು.

ನಮ್ಮ ದೇಶದಿಂದ ಹೋದ ಪದಗಳೂ ಆ ಪಟ್ಟಿಯಲ್ಲಿ ಕುಳಿತಿವೆ. ‘ಪಂಡಿಟ್’ ನಮ್ಮ ಪಂಡಿತ. ‘ಜಗ್ಗರ್ನಾಟ್’ ಪುರಿಯ ಜಗನ್ನಾಥ ಸ್ವಾಮಿಯ ಹೆಸರು, ರಥದ ಕಾರಣದಿಂದ ‘ತಡೆಯಲಾಗದ ಭಾರಿ ಶಕ್ತಿ’ ಎಂದಾಗಿದೆ. ಇವು ಸಿಕ್ಕಾಗ ನಗು ಬಂತು. ನಗು ಬಾರದ ಒಂದು ಪದವೂ ಸಿಕ್ಕಿತು. ಅದನ್ನು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಮಗಳ ಜೊತೆಗೆ ಹಿಂದಿನ ಸಾಲುಮನೆಯ ತಮಿಳು ಹುಡುಗಿಯೊಬ್ಬಳೂ ಓದಲು ಬರುತ್ತಿದ್ದಳು. ಅವಳ ಮುತ್ತಜ್ಜ ಆಗಿನ ಉತ್ತರ ಆರ್ಕಾಟ್ ಜಿಲ್ಲೆಯಿಂದ ಗಣಿ ಕೆಲಸಕ್ಕೆ ಬಂದವರು. ಪಿ ಅಕ್ಷರದ ಪದಗಳು ನಡೆದಿದ್ದವು. ‘ಪರಯಾ’ ಎಂಬ ಪದ ಬಂತು. ಅರ್ಥ, ‘ಎಲ್ಲರೂ ದೂರ ಇಟ್ಟವನು, ಬಹಿಷ್ಕೃತ’. ಪುಸ್ತಕದಲ್ಲಿ ಅದು ಸಾಮಾನ್ಯ ಪದದ ಹಾಗೆ, ಮೇಲಿನ ಕೆಳಗಿನ ಪದಗಳ ಹಾಗೆಯೇ ಕುಳಿತಿತ್ತು. ಹುಡುಗಿ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, ‘ಆಂಟಿ, ಇದು ನಮ್ಮ ಜಾತಿಯ ಹೆಸರು’ ಅಂದಳು.

ತಮಿಳಿನಲ್ಲಿ ಪರೈ ಎಂದರೆ ಬಡಿದು ನುಡಿಸುವ ಒಂದು ಚರ್ಮವಾದ್ಯ. ಆ ಜನರ ಹೆಸರನ್ನು ಇಂಗ್ಲಿಷಿನವರು ನಾಲ್ಕುನೂರು ವರ್ಷಗಳ ಹಿಂದೆ ಎತ್ತಿಕೊಂಡರು, ನಾವು ಇಲ್ಲಿ ಅವರನ್ನು ಇಟ್ಟಿದ್ದ ಸ್ಥಾನವನ್ನು ನೋಡಿ ಆ ಅರ್ಥ ಕೊಟ್ಟರು. ಆದ್ದರಿಂದ ಬರೀ ಇಂಗ್ಲಿಷಿನವರನ್ನು ಬೈದು ಕೈತೊಳೆದುಕೊಳ್ಳುವ ಹಾಗಿಲ್ಲ. ಈ ಊರಿನ ಚಿನ್ನವೆಲ್ಲ, ಸುಮಾರು ಎಂಟುನೂರು ಟನ್ ಅನ್ನುತ್ತಾರೆ, ಮೇಲೆ ಬಂದದ್ದು ಬಹುಪಾಲು ಅಂಥ ಜನರ ಹೆಗಲ ಮೇಲೆ. 1907ರಲ್ಲಿ ಮದ್ರಾಸಿನಿಂದ ಅಯೋತಿದಾಸ ಪಂಡಿತರು ತಮಿಳಿನಲ್ಲಿ ಒಂದು ವಾರಪತ್ರಿಕೆ ತೆಗೆದರು, ಈ ಜನರ ಮೇಲೆ ಹೊರಿಸಿದ ಹೆಸರುಗಳನ್ನೇ ಪ್ರಶ್ನಿಸಿ ಬರೆದರು. ಅದನ್ನು ಓದಿ ಬೆಂಬಲಿಸಿದವರಲ್ಲಿ ನಮ್ಮ ಮಾರಿಕುಪ್ಪಂ, ಚಾಂಪಿಯನ್ ರೀಫಿನ ಗಣಿ ಕೆಲಸಗಾರರೂ ಇದ್ದರು. ಹಗಲೆಲ್ಲ ಪಾತಾಳದಲ್ಲಿ ದುಡಿದು ಮೇಲೆ ಬಂದು ಪತ್ರಿಕೆ ಓದಿದವರ ಮೊಮ್ಮಕ್ಕಳು ಇವರು.

ನಾನು, ‘ಆ ಚೀಟಿ ಬೇಡ ಬಿಡಮ್ಮ, ಹರಿದುಹಾಕು’ ಅಂದೆ. ಅವಳು ಹರಿಯಲಿಲ್ಲ. ‘ಪರೀಕ್ಷೇಲಿ ಬಂದ್ರೆ ಮಾರ್ಕು ನಂಗೆ ಬೇಕಲ್ಲ ಆಂಟಿ’ ಅಂದು, ಪುಸ್ತಕದ ಅರ್ಥವನ್ನು ಬರೆದುಕೊಂಡಳು. ಅದರ ಕೆಳಗೆ ತಮಿಳಿನಲ್ಲಿ ‘ಪರೈ’ ಎಂದು ಬರೆದು ಒಂದು ಸಣ್ಣ ವಾದ್ಯದ ಚಿತ್ರ ಬಿಡಿಸಿದಳು. ಪ್ರಬಂಧದಲ್ಲಿ ಮಾತ್ರ ಆ ಪದವನ್ನು ತಾನು ಎಂದೂ ಬಳಸುವುದಿಲ್ಲ ಎಂದಳು. ನಮ್ಮ ಮಗಳೂ ಹಾಗೇ ಹೇಳಿದಳು. ನಿಮ್ಮ ಮಕ್ಕಳಿಗೂ ಈ ಪದ ಎದುರಾಗುತ್ತದೆ, ಅರ್ಥ ಹೇಳಿಕೊಡುವಾಗ ಅದರ ಹಿಂದಿನ ಕಥೆಯನ್ನೂ ಹೇಳಿ.

ಪ್ರಬಂಧದ ಮಾತು ಬಂದದ್ದರಿಂದ ಹೇಳುತ್ತೇನೆ, ಅಲ್ಲಿ ಕಲಿತ ದೊಡ್ಡ ಪದಗಳನ್ನೆಲ್ಲ ಸುರಿಯುವುದು ಬೇಡ. ಒಬ್ಬಟ್ಟಿಗೆ ಏಲಕ್ಕಿ ಹಾಕಬೇಕು ನಿಜ, ಹಿಡಿಗಟ್ಟಲೆ ಹಾಕಿದರೆ ತಿನ್ನುವವರು ಯಾರು?

ಕೊನೆಯ ತಿಂಗಳಲ್ಲಿ

ಇ.ಟಿ.ಎಸ್. ಸಂಸ್ಥೆಯವರೇ ಎರಡು ಪೂರ್ಣ ಅಭ್ಯಾಸ ಪರೀಕ್ಷೆಗಳನ್ನು ಪುಕ್ಕಟೆ ಕೊಡುತ್ತಾರೆ. ಒಂದನ್ನು ಶುರುವಿನಲ್ಲೇ ಬರೆಯಲಿ, ಇನ್ನೊಂದನ್ನು ಪರೀಕ್ಷೆಗೆ ಹದಿನೈದು ದಿನ ಇರುವಾಗ. ನಮ್ಮ ಮಗಳಿಗೆ ಇಂಗ್ಲಿಷಿನಲ್ಲಿ ಮೊದಲ ಸಲ ಬಂದದ್ದು 143. ಆ ರಾತ್ರಿ ಅವಳು ಊಟ ಮಾಡಲಿಲ್ಲ. ನಿಜ ಪರೀಕ್ಷೆಯಲ್ಲಿ 154 ಬಂತು. ಬೆಟ್ಟದಂಥ ಅಂಕವೇನಲ್ಲ, ಆದರೆ ಅವಳು ಬಯಸಿದ ವಿಭಾಗಗಳಿಗೆ ಅರ್ಜಿ ಹಾಕಲು ಅಡ್ಡಿಯಾಗಲಿಲ್ಲ. ಪ್ರವೇಶ, ಸಾಲ, ವೀಸಾ ಎಂಬ ದೊಡ್ಡ ಹೊಳೆ ಇನ್ನೂ ದಾಟಬೇಕು. ಹಿಂದಿನ ಸಾಲಿನ ಹುಡುಗಿ ಇನ್ನೂ ಬರೆದಿಲ್ಲ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಶುಲ್ಕಕ್ಕೆ ಹಣ ಕೂಡಿಡುತ್ತಿದ್ದಾಳೆ. ಚೀಟಿಗಳ ಕಟ್ಟು ಹಿಡಿದು ರೈಲಿನಲ್ಲಿ ಓದುತ್ತಾಳೆ, ಹೋಗಿ ಬರುವುದರಲ್ಲಿ ನಾಲ್ಕು ಗಂಟೆ ಸಿಗುತ್ತದಲ್ಲ.

ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಳ್ಳಿ. ನಮ್ಮ ಕಡೆ ಇನಿಷಿಯಲ್ಲಿನ ತೊಂದರೆ ಇದ್ದದ್ದೇ. ಮಾರ್ಕ್ಸ್ ಕಾರ್ಡಿನಲ್ಲಿ ಕೆ. ಅಂತ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಬಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ತುಂಬಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ, ಕಟ್ಟಿದ ಹಣವೂ ಹೋಗುತ್ತದೆ. ಕೇಂದ್ರ ಬೆಂಗಳೂರಿನಲ್ಲಿದ್ದು ನೀವು ನಮ್ಮ ಹಾಗೆ ದೂರದವರಾದರೆ ಹಿಂದಿನ ಸಂಜೆಯೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ, ಬೆಳಗಿನ ರೈಲನ್ನು ನಂಬಬೇಡಿ. ಬೆಳಿಗ್ಗೆ ಹೊಟ್ಟೆಗೆ ಹಗುರವಾದ ಇಡ್ಲಿ ಸಾಕು, ಪೂರಿ ಗೀರಿ ಬೇಡ. ಒಳಗೆ ವಾಚು, ಮೊಬೈಲು, ತಿಂಡಿ ಏನನ್ನೂ ಬಿಡುವುದಿಲ್ಲ. ಎ.ಸಿ.ಯ ಚಳಿ ಇರುತ್ತದೆ, ತೋಳು ತುಂಬಿದ ಬಟ್ಟೆ ಹಾಕಿಕೊಳ್ಳಲಿ.

ಪರೀಕ್ಷೆ ಮುಗಿದ ಕೂಡಲೇ ಇಂಗ್ಲಿಷಿನ, ಲೆಕ್ಕದ ಅಂಕ ಕಂಪ್ಯೂಟರಿನ ಪರದೆಯ ಮೇಲೆ ಕಾಣಿಸುತ್ತದೆ. ಪ್ರಬಂಧದ ಅಂಕ ಮಾತ್ರ ಕೆಲವು ದಿನ ಬಿಟ್ಟು ಬರುತ್ತದೆ. ಅಲ್ಲಿಯೇ ಕೂತು ನಾಲ್ಕು ವಿಶ್ವವಿದ್ಯಾಲಯಗಳಿಗೆ ಅಂಕಪಟ್ಟಿಯನ್ನು ಪುಕ್ಕಟೆ ಕಳಿಸಬಹುದು. ಹೊರಗೆ ಬಂದ ಮೇಲೆ ಕಳಿಸಿದರೆ ಒಂದೊಂದಕ್ಕೂ ಬೇರೆ ಹಣ. ಆ ಗಾಬರಿಯಲ್ಲಿ ಹೆಸರು ನೆನಪಾಗುವುದಿಲ್ಲ, ಆದ್ದರಿಂದ ನಾಲ್ಕು ಹೆಸರನ್ನು ಮನೆಯಲ್ಲಿಯೇ ಕೂತು ತೀರ್ಮಾನಿಸಿ, ಹಿಂದಿನ ರಾತ್ರಿ ಒಂದು ಸಲ ನೀವೇ ಅವಳ ಬಾಯಿಂದ ಹೇಳಿಸಿ.